ಪಾಲ್ಪಾಕ್ಕೆ ಒಂದು ಕುಕ್ಕರ್

ದಿನ 1, ಶುಕ್ರವಾರ: ಕಠ್ಮಂಡು

ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ರನ್ನು ಎಲ್ಲರೂ ಬಹದ್ದೂರ್ ಅಂತಾರೆ. ಅವರ ಹೆಸರು ಬಹದ್ದೂರ್ ಅಲ್ಲ. ಅದು ನನಗೆ ತಿಳಿದದ್ದು ಆರು ವರ್ಷದ ಮೇಲೆ, ಯಾವನೋ ಕೊರಿಯರ್ ಹುಡುಗ ನಿಜವಾದ ಹೆಸರು ಹಿಡಿದು ಕೂಗಿದಾಗ. ಆಮೇಲೆ ನಾಚಿಕೆಯಾಗಿ 'ಭಯ್ಯಾ' ಅನ್ನಲು ಶುರುಮಾಡಿದೆ. 2024ರ ನವೆಂಬರಿನಲ್ಲಿ ನಾನೂ ನನ್ನ ಹೆಂಡತಿಯೂ ನೇಪಾಳಕ್ಕೆ ಹೊರಟ ಸುದ್ದಿ ಕೇಳಿ ಭಯ್ಯಾ ಒಂದು ಪ್ರೆಷರ್ ಕುಕ್ಕರ್ ತಂದಿಟ್ಟರು. ಐದು ಲೀಟರಿನದು. ಒಳಗೆ ಮೈಸೂರ್ ಸ್ಯಾಂಡಲ್ ಸೋಪು ನಾಲ್ಕು, ಮಗಳಿಗೆ ಕೈಗಡಿಯಾರ, ಅಮ್ಮನಿಗೆ ಸ್ವೆಟರ್. 'ತಳ ನೋಡಿ ಸಾರ್, ಇಂಡಕ್ಷನ್‌ಗೂ ಆಗತ್ತೆ' ಅಂದರು. ಅವರ ಊರು ಪಾಲ್ಪಾ ಜಿಲ್ಲೆಯಲ್ಲಿ. 'ನೀವು ಹೋಗೋ ದಾರೀಲೇ ಸಿಗತ್ತೆ ಸಾರ್.' ಮ್ಯಾಪ್ ತೆಗೆದು ನೋಡಿದರೆ ನಮ್ಮ ದಾರಿಗೂ ಅದಕ್ಕೂ ಸಂಬಂಧವೇ ಇಲ್ಲ. ದಾರಿಯನ್ನೇ ಬದಲಿಸಿದೆವು.

ದೆಹಲಿ ಮೇಲಿಂದ ಬಂದು ಇಳಿದದ್ದು ಮಧ್ಯಾಹ್ನ. ಭಾರತೀಯರಿಗೆ ವೀಸಾ ಬೇಡ, ಪಾಸ್‌ಪೋರ್ಟೋ ವೋಟರ್ ಐಡಿಯೋ ಸಾಕು. ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ತಿರುಗಿಸಿಕೊಂಡೆ. ಅಲ್ಲಿನ ಕ್ಯಾಲೆಂಡರ್ ಇನ್ನೂ ಮುಂದೆ, ವಿಕ್ರಮ ಸಂವತ್ 2081.

ನಾನು ಮೂವತ್ತು ವರ್ಷ ಬ್ಯಾಂಕ್ ಕೌಂಟರಿನಲ್ಲಿ ಕೂತವನು. ಯಾವ ಊರಿಗೆ ಹೋದರೂ ಇಲ್ಲಿಗೆ ದುಡ್ಡು ಎಲ್ಲಿಂದ ಬರುತ್ತೆ ಅಂತ ನೋಡುವ ಚಟ. ಬೇರೆ ಊರಲ್ಲಾದರೆ ಹುಡುಕಬೇಕು. ಇಲ್ಲಿ ವಿಮಾನ ನಿಲ್ದಾಣದ ಬಾಗಿಲಲ್ಲೇ ಕಂಡಿತು. ಹೊರಗೆ ಬರುತ್ತಿದ್ದ ಗಂಡಸರ ಟ್ರಾಲಿಗಳಲ್ಲಿ ಕಂಬಳಿ ಸುತ್ತಿದ ಟೀವಿಗಳು. ಒಳಗೆ ಹೋಗುತ್ತಿದ್ದವರ ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆ ತುಂಬ ಕೆಂಪು ಟೀಕಾ. ದಶೈನ್, ತಿಹಾರ್ ಹಬ್ಬ ಮುಗಿಸಿ ಕತಾರ್, ಸೌದಿ, ಮಲೇಶಿಯಾಕ್ಕೆ ವಾಪಸ್ ಹೊರಟವರು. ಹೊಸದು, ನವೀಕರಣ ಎಲ್ಲ ಸೇರಿ ವರ್ಷಕ್ಕೆ ಏಳು ಲಕ್ಷಕ್ಕೂ ಜಾಸ್ತಿ ಶ್ರಮ ಸ್ವೀಕೃತಿ, ಅಂದರೆ ವಿದೇಶದಲ್ಲಿ ದುಡಿಯುವ ಪರವಾನಗಿ, ಕೊಡುವ ದೇಶ ಇದು. 2021ರ ಜನಗಣತಿಯಲ್ಲಿ ಜನಸಂಖ್ಯೆ 2.92 ಕೋಟಿ. ಮನೆಬಿಟ್ಟು ಹೊರದೇಶದಲ್ಲಿರುವವರು ಅಂತ ಬೇರೆಯಾಗಿ ಬರೆಸಿದವರೇ 21.9 ಲಕ್ಷ. ಅವರು ಕಳಿಸುವ ಹಣ ದೇಶದ ಒಟ್ಟು ಉತ್ಪನ್ನದ ಹೆಚ್ಚುಕಡಿಮೆ ಕಾಲುಭಾಗ. ಭಾರತಕ್ಕೆ ಬರುವವರಿಗೆ ಪರವಾನಗಿಯೇ ಬೇಡ. ಹಾಗಾಗಿ ನಮ್ಮ ಭಯ್ಯಾ ಆ ಏಳು ಲಕ್ಷದಲ್ಲಿ ಇಲ್ಲ.

ರಾತ್ರಿ ಹೋಟೆಲಿನಲ್ಲಿ ಒಂದು ಫಜೀತಿ. ನನ್ನ ಜೇಬಿನ ತುಂಬ ಭಾರತದ ಐನೂರರ ನೋಟು. ಕೌಂಟರಿನ ಹುಡುಗಿ ಮುಟ್ಟಲೇ ಇಲ್ಲ. ನೂರಕ್ಕಿಂತ ದೊಡ್ಡ ಭಾರತೀಯ ನೋಟು ಅಲ್ಲಿ ನಡೆಯುತ್ತಿರಲಿಲ್ಲ. ಬ್ಯಾಂಕಿನವನಾಗಿ ಇದು ಗೊತ್ತಿರಲಿಲ್ಲವಾ ಅಂತ ಹೆಂಡತಿ ನೋಡಿದ ನೋಟವೇ ಸಾಕಿತ್ತು. ಕೊನೆಗೆ ಕೌಂಟರಿನ ಕ್ಯೂಆರ್ ಕೋಡಿಗೆ ಯುಪಿಐ ಹಿಡಿದೆ, ಹೋಯಿತು! ಅದೇ ವರ್ಷ ಮಾರ್ಚಿನಿಂದ ಶುರುವಾದ ಸೌಕರ್ಯವಂತೆ. ಲೆಕ್ಕ ಸುಲಭ. ನಮ್ಮ ನೂರಕ್ಕೆ ಅವರ ನೂರ ಅರವತ್ತು, 1993ರಿಂದ ಅಲ್ಲಾಡದ ದರ.

ದಿನ 2, ಶನಿವಾರ

ನಾವು ಹೋದಾಗ ನೇಪಾಳದಲ್ಲಿ ವಾರದ ರಜೆ ಶನಿವಾರವಿತ್ತು. ಭಾನುವಾರ ಎಲ್ಲರೂ ಕೆಲಸಕ್ಕೆ ಹೋಗುತ್ತಿದ್ದರು. ಪಶುಪತಿನಾಥದಲ್ಲಿ ಕಾಲಿಡಲು ಜಾಗವಿಲ್ಲ.

ಇಲ್ಲಿನ ಲಿಂಗವನ್ನು ಮುಟ್ಟಿ ಪೂಜೆ ಮಾಡುವ ಭಟ್ಟರು ಕರ್ನಾಟಕದ ಕಡೆಯವರು. ದಕ್ಷಿಣದಿಂದಲೇ ಪೂಜಾರಿಗಳನ್ನು ಕರೆಸುವ ಹಳೆಯ ಪದ್ಧತಿ. 2008ರ ಕೊನೆಗೆ ಮಾವೋವಾದಿ ಸರ್ಕಾರ ಅವರ ಜಾಗಕ್ಕೆ ನೇಪಾಳಿಗಳನ್ನು ನೇಮಿಸಲು ಹೋಗಿ ದೊಡ್ಡ ಗಲಾಟೆಯಾಗಿತ್ತು. ಜನಜಂಗುಳಿಯಲ್ಲಿ ಒಬ್ಬ ಭಟ್ಟರು ಕ್ಷಣಮಾತ್ರ ಕಂಡರು. ಕನ್ನಡದಲ್ಲಿ ಕೂಗೋಣ ಅಂದುಕೊಂಡೆ, ಧೈರ್ಯ ಬರಲಿಲ್ಲ. ನಮ್ಮವರೂ ಕೆಲಸಕ್ಕಾಗಿ ನೇಪಾಳಕ್ಕೆ ಬಂದಿದ್ದಾರೆ ಅಂತ ಭಯ್ಯಾನಿಗೆ ಹೇಳಬೇಕು. ಬೆರಳಲ್ಲಿ ಎಣಿಸುವಷ್ಟು ಜನ ಅನ್ನುವುದನ್ನು ಬಿಟ್ಟು ಹೇಳಬೇಕು.

ಸಂಜೆ ಅಸನ್ ಬಜಾರಿನಲ್ಲಿ ತಿರುಗಿದೆವು. ಇಡೀ ಕಣಿವೆಯಲ್ಲಿ ಸುಮಾರು ಮೂವತ್ತು ಲಕ್ಷ ಜನ. ಬೀದಿಬೀದಿಗೂ ನೀರಿನ ಟ್ಯಾಂಕರ್, ಬೆಂಗಳೂರಿನ ಬೇಸಿಗೆಯ ಹಾಗೆ. ಮೇಲಮ್ಚಿ ನದಿಯ ನೀರು ಕೊನೆಗೂ ಸುರಂಗದಲ್ಲಿ ನಗರಕ್ಕೆ ಬಂದದ್ದು 2021ರಲ್ಲಿ. ಅದೇ ಮಳೆಗಾಲದಲ್ಲಿ ಪ್ರವಾಹ ಬಂದು ಮೂಲದ ಕಾಮಗಾರಿಯನ್ನೇ ಹೂತುಹಾಕಿತು. ಕರೆಂಟಿನ ಕಥೆ ಮಾತ್ರ ಬೇರೆ. ಒಂದು ಕಾಲಕ್ಕೆ ಚಳಿಗಾಲದಲ್ಲಿ ದಿನಕ್ಕೆ 16-18 ಗಂಟೆ ಕರೆಂಟ್ ಇರುತ್ತಿರಲಿಲ್ಲ. 2016ರಲ್ಲಿ ಕುಲ್‌ಮಾನ್ ಘಿಸಿಂಗ್ ವಿದ್ಯುತ್ ಪ್ರಾಧಿಕಾರಕ್ಕೆ ಬಂದ ಮೇಲೆ ಲೋಡ್‌ಶೆಡ್ಡಿಂಗ್ ನಿಂತಿತು. ಟ್ಯಾಕ್ಸಿ ಹುಡುಗ ಅವರ ಹೆಸರನ್ನು ಹೇಳಿದ ರೀತಿ ನೋಡಿದರೆ ಯಾವುದೋ ಸಿನಿಮಾ ಹೀರೋ ಅಂದುಕೊಳ್ಳಬೇಕು. ಈಗ ಮಳೆಗಾಲದಲ್ಲಿ ನೇಪಾಳ ಭಾರತಕ್ಕೇ ವಿದ್ಯುತ್ ಮಾರುತ್ತದೆ. ಚಳಿಗಾಲದಲ್ಲಿ ನದಿ ಬತ್ತಿದಾಗ ನಮ್ಮಿಂದ ಕೊಳ್ಳುತ್ತದೆ.

ಅದೇ ಹುಡುಗ ಪ್ರಧಾನಿ ಕಚೇರಿ, ಸಚಿವಾಲಯಗಳಿರುವ ಸಿಂಹದರ್ಬಾರಿನ ಗೇಟು ದಾಟುವಾಗ, 'ಇಲ್ಲಿ ಕೂತಿರೋರು ಮೂರೇ ಜನ, ಕುರ್ಚಿ ಬದಲಾಯಿಸ್ಕೊಂಡು ಕೂರ್ತಾರೆ' ಅಂತ ಹಿಂದಿಯಲ್ಲಿ ಅಂದ. ಪದವಿ ಓದಿದವನು. ನಾನು ಸುಮ್ನೆ ನಕ್ಕೆ. ಹತ್ತು ತಿಂಗಳ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ಅವನ ವಯಸ್ಸಿನವರೇ ಬೀದಿಗಿಳಿದರು. ಎಪ್ಪತ್ತಕ್ಕೂ ಜಾಸ್ತಿ ಜನ ಸತ್ತರು, ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು, ಸಿಂಹದರ್ಬಾರಿಗೆ ಬೆಂಕಿ ಬಿತ್ತು. ಟೀವಿಯಲ್ಲಿ ಹೊಗೆ ನೋಡುತ್ತಾ ಆ ಗೇಟನ್ನು ಗುರುತಿಸಲು ನೋಡಿದೆ.

ದಿನ 3, ಭಾನುವಾರ: ಪೋಖರಾ ದಾರಿ

ಇನ್ನೂರು ಕಿಲೋಮೀಟರ್, ಒಂಬತ್ತು ಗಂಟೆ. ರಸ್ತೆ ಅಗಲ ಮಾಡುವ ಕೆಲಸ ನಡೆದೇ ಇದೆ, ಅದರ ಮೇಲೆ ಸೆಪ್ಟೆಂಬರ್ ಕೊನೆಯ ಮಳೆಗೆ ಕುಸಿದ ಗುಡ್ಡ. ನಮ್ಮದು ಎಲೆಕ್ಟ್ರಿಕ್ ವ್ಯಾನ್. ಈಗ ನೇಪಾಳಕ್ಕೆ ಬರುವ ಹೊಸ ಕಾರುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಎಲೆಕ್ಟ್ರಿಕ್ ಅಂತ ಓದಿದ್ದೆ, ದಾರಿಯಲ್ಲಿ ನಂಬಿಕೆ ಬಂತು. ಪೆಟ್ರೋಲಿನ ಪ್ರತಿ ಹನಿಯೂ ಭಾರತದಿಂದ ಬರಬೇಕು. 2015ರಲ್ಲಿ ಭೂಕಂಪದ ಬೆನ್ನಲ್ಲೇ ಗಡಿ ಮುಚ್ಚಿದಾಗ ಪಟ್ಟ ಪಾಡನ್ನು ಜನ ಮರೆತಿಲ್ಲ. ಆ ಮಾತು ಬಂದಾಗ ನಾನು ಭಾರತದವನು ಅಂತ ನೆನಪಾಗಿ ವ್ಯಾನಿನವರೆಲ್ಲ ಒಂದು ಕ್ಷಣ ಸುಮ್ಮನಾದರು.

ವ್ಯಾನ್ ಚಾರ್ಜ್ ಆಗುವ ಮುಕ್ಕಾಲು ಗಂಟೆ ನಮ್ಮ ಊಟದ ಹೊತ್ತು. ದಾಲ್ ಭಾತ್, ಸಾಗ್, ಮೂಲಂಗಿ ಅಚಾರ್. ಎಷ್ಟು ಸಲ ಬೇಕಾದರೂ ಹಾಕಿಸಿಕೊಳ್ಳಬಹುದು, ಅವರ 350 ರೂಪಾಯಿ. ಪಕ್ಕದಲ್ಲಿ ಕೂತ ಯುವಕ ದೋಹಾದಲ್ಲಿ ಮೂರು ವರ್ಷ ಸರಳು ಕಟ್ಟುವ ಕೆಲಸ ಮಾಡಿ ಬಂದವನು. ಇಲ್ಲಿ ಏಜೆಂಟರ ಕಚೇರಿಗೆ 'ಮ್ಯಾನ್‌ಪವರ್' ಅಂತಲೇ ಹೆಸರು. ವೀಸಾ, ಟಿಕೆಟ್ ಎರಡೂ ಮಾಲೀಕನ ಖರ್ಚು, ಮ್ಯಾನ್‌ಪವರ್‌ಗೆ ಹೆಚ್ಚೆಂದರೆ ಹತ್ತು ಸಾವಿರ ಅಂತ 2015ರಿಂದ ನಿಯಮವಿದೆ. 'ನೀನೆಷ್ಟು ಕೊಟ್ಟೆ?' ಅಂದೆ. ಒಂದೂವರೆ ಲಕ್ಷ. 'ರಸೀದಿ?' 'ಹತ್ತು ಸಾವಿರದ್ದು ಕೊಟ್ಟರು.' ಆ ಸಾಲಕ್ಕೆ ಊರಿನ ಸಾಹುಕಾರನಿಗೆ ನೂರಕ್ಕೆ ವರ್ಷಕ್ಕೆ ಮೂವತ್ತಾರು ಬಡ್ಡಿ. ಮೊದಲ ವರ್ಷದ ಸಂಬಳ ಅಲ್ಲಿಗೇ ಹೋಯಿತಂತೆ. ನಾನು ಕೌಂಟರಿನ ಈಚೆ ಕೂತು ಎಷ್ಟೋ ಸಾಲ ತಿರಸ್ಕರಿಸಿದವನು. ಮಾತು ಮುಂದುವರಿಸಲಿಲ್ಲ.

ಕುರಿನ್‌ತಾರ್‌ನಲ್ಲಿ ಮನಕಾಮನಾ ದೇವಿಯ ಗುಡ್ಡಕ್ಕೆ ಕೇಬಲ್ ಕಾರ್. ಜನರಿಗೆ ಹೋಗಿ ಬರುವ ಟಿಕೆಟ್, ಮೇಕೆಗೆ ಹೋಗುವ ಟಿಕೆಟ್ ಮಾತ್ರ. ದೋಹಾ ಹುಡುಗ ಇದನ್ನು ಹೇಳಿ ಜೋರಾಗಿ ನಕ್ಕ. ಆಮೇಲೆ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾ ಕೂತ.

ದಿನ 4, ಸೋಮವಾರ

ಪೋಖರಾ ಬಗ್ಗೆ ಎಲ್ಲರೂ ಬರೆದಿದ್ದಾರೆ. ಫೇವಾ ಕೆರೆ ಚೆನ್ನಾಗಿದೆ, ಬೆಳಿಗ್ಗೆ ಮಾಛಾಪುಛ್ರೆ ಶಿಖರ ಕಂಡಿತು, ಕೋಣೆ ಬಾಡಿಗೆ ಜಾಸ್ತಿಯಾಯಿತು. ಚೀನಾ ಸಾಲದಲ್ಲಿ ಕಟ್ಟಿ 2023ರ ಜನವರಿಯಲ್ಲಿ ತೆರೆದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹೊಳೆಯುತ್ತಾ ನಿಂತಿತ್ತು. ಹೊರದೇಶದ ವಿಮಾನಗಳು ಮಾತ್ರ ಬರುವುದು ಅಪರೂಪ.

ನನಗೆ ನೋಡಬೇಕಿದ್ದದ್ದು ಭಾರತೀಯ ಸೇನೆಯ ಗೂರ್ಖಾ ಪಿಂಚಣಿದಾರರಿಗೆ ಹಣ ಕೊಡುವ ಕಚೇರಿ. ಢಾಕಾ ಟೋಪಿ, ಇಸ್ತ್ರಿ ಮಾಡಿದ ಕೋಟು ತೊಟ್ಟ ಮುದುಕರು ಗೇಟಿನ ಬಳಿ ನೆಟ್ಟಗೆ ನಿಂತಿದ್ದರು. ಸೈನ್ಯಕ್ಕೆ ಹೋದವನಿಗೆ ಇಲ್ಲಿ 'ಲಾಹುರೆ' ಅನ್ನುತ್ತಾರೆ. ಹಿಂದೆ ಲಾಹೋರಿಗೆ ಹೋಗಿ ಸೈನ್ಯ ಸೇರುತ್ತಿದ್ದರಲ್ಲ, ಅಲ್ಲಿಂದ ಬಂದ ಪದ. ಈಗ ಗಲ್ಫಿಗೆ ಹೋಗುವವನೂ ಲಾಹುರೆಯೇ. ಒಬ್ಬ ನಿವೃತ್ತ ಹವಾಲ್ದಾರರು ಬೆಳಗಾವಿಯಲ್ಲಿ ತರಬೇತಿಗೆ ಬಂದಿದ್ದರಂತೆ, ಕುಂದಾದ ರುಚಿ ಇನ್ನೂ ನೆನಪಿದೆ ಅಂದರು. ಮೊಮ್ಮಗ? 'ಭರ್ತಿ ಬಂದ್ ಆಯ್ತಲ್ಲ.' 2022ರಲ್ಲಿ ಭಾರತ ಅಗ್ನಿಪಥ ತಂದ ಮೇಲೆ ನೇಪಾಳದಿಂದ ಗೂರ್ಖಾ ನೇಮಕಾತಿ ನಿಂತಿದೆ. ನಾಲ್ಕು ವರ್ಷಕ್ಕೆ ಹುಡುಗರನ್ನು ವಾಪಸ್ ಕಳಿಸಿದರೆ ನಾವೇನು ಮಾಡೋಣ ಅನ್ನುವುದು ಇವರ ಪ್ರಶ್ನೆ. ಮೊಮ್ಮಗ ಕೊರಿಯಾ ಭಾಷೆ ಕಲಿಯುತ್ತಿದ್ದಾನೆ.

ದಿನ 5, ಮಂಗಳವಾರ: ತಾನ್ಸೇನ್

ಸಿದ್ಧಾರ್ಥ ರಾಜಮಾರ್ಗದಲ್ಲಿ ದಕ್ಷಿಣಕ್ಕೆ. ಸ್ಯಾಂಗ್ಜಾ ಜಿಲ್ಲೆಯ ಉದ್ದಕ್ಕೂ ರಸ್ತೆ ಬದಿಯಲ್ಲಿ ಕಿತ್ತಳೆ ರಾಶಿ. ನಮ್ಮ ಕೊಡಗಿನ ಕಿತ್ತಳೆಯ ಹಾಗೇ ಸಿಪ್ಪೆ ಸಡಿಲ. ಬೆಟ್ಟಕ್ಕೆ ಮೆಟ್ಟಿಲು ಕಡಿದ ಹಾಗೆ ಗದ್ದೆಗಳು. ಕೆಳಗಿನವು ಕೊಯ್ಲಾಗಿದ್ದವು, ನಡುವಿನವು ಹಳದಿ, ಮೇಲಿನವು ಹಸಿರು. ಮೇಲಿನದು ಯಾವ ಬೆಳೆ ಅಂತ ಕೇಳಿದೆ. ಡ್ರೈವರ್ ನಕ್ಕ, ಬೆಳೆ ಅಲ್ಲ ಪೊದೆ. ಉಳುವವರಿಲ್ಲ.

2011ರಲ್ಲಿ ಸ್ಯಾಂಗ್ಜಾದಲ್ಲಿ 2.89 ಲಕ್ಷ ಜನ ಇದ್ದರು, 2021ಕ್ಕೆ 2.53 ಲಕ್ಷ. ಪಾಲ್ಪಾದಲ್ಲಿ 2.61 ಇದ್ದದ್ದು 2.45. ಬೆಟ್ಟದ ಜಿಲ್ಲೆಗಳಲ್ಲಿ ಬಹಳಷ್ಟರ ಕಥೆ ಇದೇ. ಜನ ಇಳಿದು ಹೋದದ್ದು ತರಾಯಿ ಬಯಲಿಗೆ. 1950-60ರ ದಶಕದಲ್ಲಿ ಮಲೇರಿಯಾ ಹತೋಟಿಗೆ ಬರುವವರೆಗೆ ಥಾರೂ ಜನರನ್ನು ಬಿಟ್ಟು ಬೇರೆಯವರು ಅಲ್ಲಿ ನೆಲೆಸಲು ಹೆದರುತ್ತಿದ್ದರು. ಈಗ ದೇಶದ ಅರ್ಧಕ್ಕಿಂತ ಜಾಸ್ತಿ ಜನ ಅಲ್ಲೇ ಇದ್ದಾರೆ. ನೇಪಾಳ ಅಂದರೆ ಹಿಮಬೆಟ್ಟ ಅಂದುಕೊಳ್ಳುತ್ತೇವೆ ಅಲ್ವಾ? ಹಿಮಾಲಯದ ಎತ್ತರದ ಜಿಲ್ಲೆಗಳಲ್ಲಿರುವವರು ನೂರಕ್ಕೆ ಆರೇ ಜನ.

ರಾಮ್ದಿಯಲ್ಲಿ ಕಾಳಿಗಂಡಕಿ ದಾಟಿದರೆ ಪಾಲ್ಪಾ. ತಾನ್ಸೇನ್ ಗುಡ್ಡದ ಮೇಲೆ ಹರಡಿದ, ನೇವಾರ ಜನರ ಹಳೆಯ ಪೇಟೆ. ಕಂಚಿನ ಕರುವಾ ಗಿಂಡಿಗೂ ಢಾಕಾ ಬಟ್ಟೆಗೂ ಹೆಸರು. 2006ರಲ್ಲಿ ಮಾವೋವಾದಿ ಯುದ್ಧದ ಕಾಲದಲ್ಲಿ ಸುಟ್ಟ ಅರಮನೆಯನ್ನು ಮತ್ತೆ ಕಟ್ಟಿದ್ದಾರೆ. ಒಂದು ಟೋಪಿ ಕೊಂಡೆ. ಹೆಂಡತಿ ಪ್ರಕಾರ ನನಗೆ ಒಪ್ಪುವುದಿಲ್ಲ.

ದಿನ 6, ಬುಧವಾರ: ಭಯ್ಯಾನ ಊರು

ಜೀಪು ಹೋಗುವ ಹೊಸ ಮಣ್ಣುರಸ್ತೆ ಇದೆ. 2017ರಲ್ಲಿ ಗಾಂವ್‌ಪಾಲಿಕಾಗಳು, ಅಂದರೆ ಹಳ್ಳಿಗಳ ಸ್ಥಳೀಯ ಸರ್ಕಾರಗಳು, ಬಂದ ಮೇಲೆ ಬೆಟ್ಟದ ಮೈತುಂಬ ಇಂಥ ರಸ್ತೆ ಕೊರೆದಿದ್ದಾರೆ. 'ಡೋಜರ್ ವಿಕಾಸ್' ಅಂತ ಜನ ಗೇಲಿ ಮಾಡುತ್ತಾರೆ. ಮಳೆಗೆ ಅರ್ಧ ಕೊಚ್ಚಿಹೋಗಿತ್ತು. ಕೊನೆಯ ಅರ್ಧ ಗಂಟೆ ಕುಕ್ಕರ್ ಹೊತ್ತು ನಡೆದೆವು.

ಕಲ್ಲು ಮಣ್ಣಿನ ಮನೆ. ಕೆಳಗೆ ಕೆಮ್ಮಣ್ಣು, ಮೇಲೆ ಬಿಳಿ ಸಾರಿಸಿದ ಗೋಡೆ. ಜಸ್ತಾ ತಗಡಿನ ಸೂರು. ಸೂರಿನಡಿ ಜೋಡಿ ಕಟ್ಟಿ ತೂಗುಹಾಕಿದ ಮೆಕ್ಕೆಜೋಳ. ಜಗಲಿಯಲ್ಲಿ ಆಮಾ ಕೂತಿದ್ದರು, ಭಯ್ಯಾನ ತಾಯಿ. ಅವರ ಸೊಸೆ, ಹದಿನೈದರ ಮೊಮ್ಮಗಳು, ಎರಡು ಮೇಕೆ, ಒಂದು ಎಮ್ಮೆ. ಗಂಡಸರಿಲ್ಲ. ಭಯ್ಯಾ ಬೆಂಗಳೂರಲ್ಲಿ, ತಮ್ಮ ಮಲೇಶಿಯಾದಲ್ಲಿ. ಪಕ್ಕದ ಮನೆಗೆ ಬೀಗ, ಅದರಾಚೆಯದಕ್ಕೂ ಬೀಗ. ಹೋದ ವರ್ಷ ಒಬ್ಬರು ತೀರಿಕೊಂಡಾಗ ಹೆಣ ಹೊರಲು ಹೆಗಲು ಸಾಲದೆ ಕೆಳಗಿನ ಊರಿಂದ ಹುಡುಗರನ್ನು ಕರೆಸಬೇಕಾಯಿತಂತೆ. ಆಮಾ ಇದನ್ನು ದೂರಿನ ಹಾಗೆ ಹೇಳಲಿಲ್ಲ. ಬಾವಿ ಬತ್ತಿತು ಅನ್ನುವ ಹಾಗೆ ಹೇಳಿದರು.

ಕುಕ್ಕರ್ ತೆಗೆದುಕೊಟ್ಟೆ. ಸೊಸೆ ತಿರುಗಿಸಿ ತಳ ನೋಡಿದರು, ಭಯ್ಯಾ ತೋರಿಸಿದ ಹಾಗೆಯೇ. ಆಮೇಲೆ ಒಳಗೆ ಕರೆದರು. ಅಡುಗೆಮನೆಯ ಒಂದು ಮೂಲೆಯಲ್ಲಿ ಸೌದೆ ಒಲೆ, ಇನ್ನೊಂದು ಮೂಲೆಯಲ್ಲಿ ಗ್ಯಾಸ್, ನಡುವೆ ಸ್ಟೂಲಿನ ಮೇಲೆ ಕ್ರೋಶಾ ಬಟ್ಟೆ ಹೊದ್ದ ಇಂಡಕ್ಷನ್ ಒಲೆ. ಬಟ್ಟೆ ಸರಿಸಿ ಗುಂಡಿ ಒತ್ತಿದರು. ಕೀಂ ಅಂತ ಸದ್ದು ಬಂತು, ಕೆಂಪು ಅಕ್ಷರ ಮಿನುಗಿ ಆರಿತು. ವೋಲ್ಟೇಜ್ ಸಾಲದು. ಮಧ್ಯಾಹ್ನ ನಡೆಯುತ್ತೆ, ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತಿದರೆ ಆಗಲ್ಲ ಅಂದರು. ಗ್ಯಾಸ್ ಸಿಲಿಂಡರಿಗೆ ಆಗ ಸುಮಾರು 1,900, ಮೇಲೆ ಜೀಪಿನ ಬಾಡಿಗೆ. ಅದಕ್ಕೇ ಗ್ಯಾಸ್ ಮೇಲೆ ಚಹಾ ಮಾತ್ರ. ಅನ್ನವೂ ಎಮ್ಮೆಯ ಬೂಸಾ ಗಂಜಿಯೂ ಸೌದೆಯಲ್ಲೇ. ಜನಗಣತಿಯಲ್ಲಿ ಸೌದೆ ಒಲೆಯ ಮನೆಗಳು ನೂರಕ್ಕೆ 51, ಗ್ಯಾಸಿನವು 44 ಅಂತ ಇತ್ತು. ಈ ಮನೆಯನ್ನು ಯಾವ ಪಟ್ಟಿಗೆ ಸೇರಿಸಿದರೋ.

ಸೌದೆಗೆ ತೊಂದರೆಯಿಲ್ಲ. ಕಾಡು ಬೆಳೆದಿದೆ. 1993ರ ಕಾಯ್ದೆ ಕಾಡನ್ನು ಊರಿನ ಗುಂಪುಗಳ ಕೈಗೆ ಕೊಟ್ಟಿತು. ಜೊತೆಗೆ ದನ ಮೇಯಿಸುವವರೂ ಸೊಪ್ಪು ಕಡಿಯುವವರೂ ಊರು ಬಿಟ್ಟರು. ತೊಂಬತ್ತರ ದಶಕದ ಶುರುವಿನಲ್ಲಿ ದೇಶದ ಕಾಲುಭಾಗ ಇದ್ದ ಕಾಡು ಈಗ ಶೇ 45ರಷ್ಟು. ಕಾಡಿನ ಜೊತೆ ಮಂಗಗಳೂ ಬಂದಿವೆ. ಅರ್ಧ ಜೋಳ ಅವುಗಳಿಗೇ. ಓಡಿಸಲು ಮೊಮ್ಮಗಳು ಶಾಲೆ ತಪ್ಪಿಸಬೇಕಾಗುತ್ತದೆ. ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಈ ವರ್ಷ ನಾಲ್ಕೇ ಮಕ್ಕಳು.

ಸೊಸೆಯ ಲೆಕ್ಕ ಕೇಳಿದೆ. ಚಟ ಬಿಡಲ್ಲ. ಭಯ್ಯಾ ಕಳಿಸುವುದು ತಿಂಗಳಿಗೆ ಎಂಟು ಸಾವಿರ, ಊರಿಗೆ ಬರುವವರ ಕೈಯಲ್ಲಿ. ಇಲ್ಲಿ ಅದು 12,800 ಆಗುತ್ತೆ. ಆಮಾಗೆ 68 ದಾಟಿದ್ದಕ್ಕೆ ಸರ್ಕಾರದ ವೃದ್ಧ ಭತ್ತಾ ತಿಂಗಳಿಗೆ ನಾಲ್ಕು ಸಾವಿರ. ಮೈದುನನ ದುಡ್ಡು ಬೇರೆ, ಅದನ್ನು ಮುಟ್ಟುವಂತಿಲ್ಲ. ಬುಟವಲ್‌ನಲ್ಲಿ ಒಂದು ಘಡೇರಿ, ಅಂದರೆ ಸೈಟು, ಕೊಳ್ಳಬೇಕು. ಬೆಟ್ಟದ ಪ್ರತಿ ಮನೆಯ ಕನಸೂ ಅದೇ. 1995-96ರಲ್ಲಿ ನೇಪಾಳದಲ್ಲಿ ನೂರಕ್ಕೆ 42 ಜನ ಬಡತನದ ರೇಖೆಯ ಕೆಳಗಿದ್ದರು. 2022-23ರ ಸಮೀಕ್ಷೆಯಲ್ಲಿ, ರೇಖೆಯನ್ನು ಇನ್ನೂ ಮೇಲಕ್ಕೆ ಎಳೆದಿದ್ದರೂ, 20 ಜನ. ಅದರಲ್ಲಿ ದೊಡ್ಡ ಪಾಲು ಹೀಗೆ ಹೊರಗಿಂದ ಬಂದ ದುಡ್ಡಿನದು. ಆ ದುಡ್ಡು ಅಕ್ಕಿ, ಶಾಲೆ ಫೀಸು, ಮದ್ದು, ಮೊಬೈಲ್, ಸೈಟು ಆಗುತ್ತದೆ. ಕಾರ್ಖಾನೆ ಆಗುವುದು ಕಡಿಮೆ. 2023-24ರಲ್ಲಿ ದೇಶ ಹೊರಗೆ ಮಾರಿದ್ದರ ಹತ್ತು ಪಟ್ಟು ಹೊರಗಿಂದ ಕೊಂಡಿತ್ತು. ಬೆಟ್ಟದ ಮನೆಯಲ್ಲಿ ಬೇಯುವ ಅಕ್ಕಿಯೂ ಎಷ್ಟೋ ಸಲ ಭಾರತದ್ದು.

ಊಟಕ್ಕೆ ಏನು ಅಂತ ಕೇಳಿದರೆ ಸೊಸೆಗೆ ಸಂಕೋಚ. ಅತಿಥಿಗಳಿಗೆ ಅನ್ನ ಮಾಡಬೇಕು, ಆಮಾ ಮಾತ್ರ ಧಿಂಡೋ ಬೇಕು ಅಂತಾರೆ. ಅದು ಯಾವುದರದು? ಡಬ್ಬ ತೆಗೆದು ತೋರಿಸಿದರು. ನನ್ನ ಹೆಂಡತಿ ಮಂಡ್ಯದವಳು. ಹಿಟ್ಟು ಬೆರಳಿಗೆ ತಾಗಿದ್ದೇ ತಡ, 'ಅಯ್ಯೋ, ರಾಗಿ!' ಅಂತ ಕೂಗಿದಳು. ಇಲ್ಲಿ ಕೋದೋ ಅನ್ನುತ್ತಾರೆ. ಕಬ್ಬಿಣದ ಪಾತ್ರೆಯಲ್ಲಿ ನೀರು ಕುದಿಸಿ, ಹಿಟ್ಟು ಹಾಕಿ, ಮರದ ಕೋಲಿನಲ್ಲಿ ತಿರುವಿದರು. ಎಲ್ಲ ನಮ್ಮ ಹಾಗೇ. ಆದರೆ ಉಂಡೆ ಕಟ್ಟುವುದಿಲ್ಲ, ಮೆತ್ತಗೆ ತಟ್ಟೆಗೆ ಸುರಿಯುತ್ತಾರೆ. ಹೆಂಡತಿಗೆ ತಡೆಯಲಾಗಲಿಲ್ಲ. ಕೈಗೆ ನೀರು ಮುಟ್ಟಿಸಿಕೊಂಡು, ಬಿಸಿ ಹಿಟ್ಟನ್ನು ತಟ್ಟೆಯಲ್ಲಿ ಉರುಳಿಸಿ ಉರುಳಿಸಿ ಗುಂಡಗೆ ಮುದ್ದೆ ಕಟ್ಟಿ ಆಮಾ ಮುಂದಿಟ್ಟಳು. ಆಮಾ ಅದನ್ನು ಬೆರಳಿಂದ ಒತ್ತಿ ನೋಡಿ, ಹಲ್ಲಿಲ್ಲದ ಬಾಯಲ್ಲಿ ನಕ್ಕೇ ನಕ್ಕರು. ಗುಂದ್ರುಕ್ ಸಾರಿನಲ್ಲಿ ಅದ್ದಿ ನುಂಗಿದೆವು. ಹುದುಗಿಸಿ ಒಣಗಿಸಿದ ಸಾಸಿವೆ ಸೊಪ್ಪಿನ ಸಾರು ಅದು, ಹುಳಿ ಚೆನ್ನಾಗಿತ್ತು. ಇವರೂ ಅಗಿಯುವುದಿಲ್ಲ.

ಊಟವಾದ ಮೇಲೆ ಆಮಾ ಕೇಳಿದರು, ಮೊಮ್ಮಗಳು ಹಿಂದಿಗೆ ತಂದಳು: ಅಪ್ಪ ಅಲ್ಲಿ ಏನು ಕೆಲಸ ಮಾಡುತ್ತಾರೆ? 'ಕಂಪನಿ' ಅಂತ ಹೇಳಿದ್ದಾರೆ, ಯಾವ ಕಂಪನಿ? ನಮ್ಮ ಗೇಟಿನ ಪ್ಲಾಸ್ಟಿಕ್ ಕುರ್ಚಿ ಕಣ್ಣಮುಂದೆ ಬಂತು. ರಾತ್ರಿ ತಡವಾಗಿ ಬಂದು ಹಾರನ್ ಹೊಡೆಯುವ ನಾನೂ ಬಂದೆ. 'ದೊಡ್ಡ ಕಂಪನಿ' ಅಂದೆ. ಸೆಕ್ಯೂರಿಟಿ ಏಜೆನ್ಸಿಯೂ ಕಂಪನಿಯೇ ಅಲ್ವಾ.

ಹುಡುಗಿ ಕೈಗಡಿಯಾರ ಕಟ್ಟಿಕೊಂಡು ಬೀದಿಯ ತಿರುವಿನವರೆಗೂ ಬಂದಳು. ಮುಂದೆ ಏನು ಓದುತ್ತೀಯಮ್ಮ ಅಂದದ್ದಕ್ಕೆ, 'ಪ್ಲಸ್ ಟೂ ಬುಟವಲ್‌ನಲ್ಲಿ, ಆಮೇಲೆ ಜಪಾನ್' ಅಂದಳು. ಜಪಾನಿನಲ್ಲಿ ಏನು ಅಂತ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದಿನ 7, ಗುರುವಾರ: ಸುನೌಲಿ

ಸಿದ್ಧಬಾಬಾ ಗುಡ್ಡದ ಬಳಿ ಕಲ್ಲು ಬೀಳುತ್ತಿದೆ ಅಂತ ಎರಡು ಗಂಟೆ ನಿಲ್ಲಿಸಿದರು. ಅದಕ್ಕೇ ಅಲ್ಲಿ ಸುರಂಗ ಕೊರೆಯುತ್ತಿದ್ದರು. ಅಲ್ಲಿಂದ ಇಳಿದರೆ ಬುಟವಲ್, ಬಯಲು, ಬಿಸಿಲು. ಗದ್ದೆಗಳ ನಡುವೆ ಕಲ್ಲು ನೆಟ್ಟ ಸೈಟುಗಳು, ಅರ್ಧಕ್ಕೆ ನಿಂತ ಮೂರಂತಸ್ತಿನ ಮನೆಗಳು. ಬೆಟ್ಟದ ಆ ಬೀಗಗಳ ಇನ್ನೊಂದು ತುದಿ ಇಲ್ಲಿತ್ತು. ಭೈರಹವಾದಲ್ಲಿ 2022ರಲ್ಲಿ ತೆರೆದ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ನಾವು ಹೋಗಲಿಲ್ಲ.

ಸುನೌಲಿಯಲ್ಲಿ ಗಡಿ ಅಂದರೆ ಒಂದು ಕಮಾನು, ಅದರಡಿ ರಿಕ್ಷಾ, ಲಾರಿ, ಸೈಕಲ್, ಜನ. ನಮ್ಮ ಮುಂದೆ ಆರೇಳು ಹುಡುಗರು, ಬೆನ್ನಿಗೆ ಒಂದೊಂದು ಬ್ಯಾಗು. ಅವರನ್ನು ಯಾರೂ ಎಣಿಸಲಿಲ್ಲ. ನನ್ನ ಬ್ಯಾಗನ್ನು ಮಾತ್ರ ಭಾರತದ ಕಡೆಯ ಜವಾನ ಬಿಚ್ಚಿಸಿದ. ಬಟ್ಟೆಯ ಗಂಟು ಮುಟ್ಟಿ ನೋಡಿ, ಇದೇನು ಅಂದ.

ಹಿಟ್ಟು ಅಂದೆ. ಆಮಾ ಮಗನಿಗೆ ಕೊಟ್ಟ ಎರಡು ಕಿಲೋ ಕೋದೋ.

ಎಲ್ಲಿಗೆ?

ಬೆಂಗಳೂರಿಗೆ.

ಮೂಸಿ ನೋಡಿದ. 'ಇದು ಅಲ್ಲಿ ಸಿಗಲ್ವಾ?'

'ಸಿಗುತ್ತೆ' ಅಂದೆ. ಗಂಟು ಕಟ್ಟಿಕೊಟ್ಟ. ಗೋರಖ್‌ಪುರದ ಬಸ್ಸು ಹತ್ತಿ ಕೂತ ಮೇಲೆ ಹೆಂಡತಿ ನೆನಪಿಸಿದಳು, ಗಡಿಯಾರವನ್ನು ಹದಿನೈದು ನಿಮಿಷ ಹಿಂದೆ ತಿರುಗಿಸಿದೆ.